ಹುಣಸೆಮರದ ಮೋರಿ

ಹುಣಸೆಮರದ ಮೋರಿ ಕಂಡೊಡನೆ ಲತೀಫ್ ಬಸ್ಸನ್ನು ಎತ್ತಿನ ಗಾಡಿ ಮಾಡಿಬಿಟ್ಟ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸು. ಕೋರ್ಟು, ಕಚೇರಿ ಎಂದು ಹೊರಟವರೇ ತುಂಬಿದ್ದರು. ಹಿಂದಿನಿಂದ ಬಂದ ಸೈಕಲ್ಲೊಂದು ಬೆಲ್ ಹೊಡೆದುಕೊಂಡು ಬಸ್ಸನ್ನೇ ದಾಟಿ ಹೋಯಿತು. ಗುಮಾಸ್ತರೊಬ್ಬರು, ಇಳಿದು ನಡೆಯುವುದೇ ವಾಸಿ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದರು. ಕಂಡಕ್ಟರ್ ಶೇಷಪ್ಪ ಕೇಳಿಸದವನಂತೆ ಟಿಕೆಟ್ ಪುಸ್ತಕ ತಿರುವಿದ. ಮೂರು ತಿಂಗಳಿಂದ ಅವರದು ದಿನಾ ಇದೇ ಗೊಣಗು, ಇವನದು ದಿನಾ ಇದೇ ಕಿವುಡು.

ಡ್ರೈವರ್ ಹಿಂದಿನ ಹೆಂಗಸರ ಸೀಟಿನಲ್ಲಿ, 'ಡ್ರೈವರ್ ಜೊತೆ ಮಾತನಾಡಬಾರದು' ಎಂಬ ಬೋರ್ಡಿನ ಕೆಳಗೆ, ಲತೀಫನ ಹೆಂಡತಿ ಖುರ್ಷಿದ್ ಬೇಗಂ ಕೂತಿದ್ದಳು. ಮೋರಿ ದಾಟುವವರೆಗೂ ಅವಳ ಕೈ ಬುರ್ಖಾದೊಳಗೆ ಹೊಟ್ಟೆಯ ಮೇಲಿತ್ತು. ಅಲ್ಲಿ ಈಗ ಕಾಪಾಡಲು ಏನೂ ಇರಲಿಲ್ಲ. ಮೂರು ತಿಂಗಳ ಹಿಂದೆ, ಬಸುರಿಯಾಗಿದ್ದಾಗ, ಶಿವಮೊಗ್ಗದಲ್ಲಿ ತಂಗಿಯ ಮದುವೆ ಮುಗಿಸಿ ಇದೇ ಸೀಟಿನಲ್ಲಿ ಕೂತು ಊರಿಗೆ ಬರುತ್ತಿದ್ದಳು. ಮೋರಿಯ ಮೇಲೆ ಬಸ್ಸು ಎಗರಿತು. ಮಾರನೆಯ ದಿನ ಗರ್ಭ ಇಳಿದುಹೋಯಿತು.

ಲತೀಫನ ತಾಯಿ ಜೈನಾಬಿ ಮಗನನ್ನು ಬೈಯಲಿಲ್ಲ. ಸೊಸೆಗೆ ಮೆಂತ್ಯದ ಗಂಜಿ ಕುಡಿಸಿ, ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಕಟ್ಟುತ್ತ, ಬಸ್ಸು ಕುಣಿದು ಗರ್ಭ ಸಡಿಲವಾಗಿದೆ, ಇನ್ನು ನಿಂತರೆ ಅಲ್ಲಾಹುವಿನ ದಯೆ ಎಂದು ಒಂದೇ ಸಲ ಅಂದಳು. ಆ ಒಂದು ಸಲ ಸಾಕಾಯಿತು. ಅಂದಿನಿಂದ ಲತೀಫ್ ಹೆಂಡತಿಯ ಮುಖ ನೇರವಾಗಿ ನೋಡಿದವನಲ್ಲ. ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದ. ಖುರ್ಷಿದಳ ಕೊರಗೇ ಬೇರೆ. ರೈಲಿನಲ್ಲಿ ಹೋಗು ಎಂದು ತನ್ನ ತಾಯಿ ಹೇಳಿದರೂ ಕೇಳದೆ, ಗಂಡನ ಬಸ್ಸೇ ಬೇಕೆಂದು ಹಟ ಹಿಡಿದವಳು ಅವಳೇ ತಾನೆ? ಸ್ಟಿಯರಿಂಗ್ ಹಿಡಿದ ಅವನ ಕೈಗಳನ್ನು ನೋಡುತ್ತ ಬರುವುದೆಂದರೆ ಅವಳಿಗೆ ಅಷ್ಟು ಇಷ್ಟವಿತ್ತು.

ಆಗಿನಿಂದ ಮೈ ಸುಧಾರಿಸಲೇ ಇಲ್ಲ. ಕೊಡ ಎತ್ತಿದರೆ ಕಣ್ಣು ಕತ್ತಲೆ, ಹೊತ್ತಲ್ಲದ ಹೊತ್ತಿನಲ್ಲಿ ಮುಟ್ಟು. ಕೊನೆಗೆ ಶೇಷಪ್ಪನೇ ತನ್ನ ಹೆಂಡತಿಗೆ ಗುರುತಿದ್ದ ಶಿವಮೊಗ್ಗದ ಲೇಡಿ ಡಾಕ್ಟರ ವಿಳಾಸ ಕೊಟ್ಟಿದ್ದ. ಬಸ್ ಸ್ಟ್ಯಾಂಡಿನಲ್ಲಿ ಲತೀಫ್ ಅವಳನ್ನು ಜಟಕಾ ಹತ್ತಿಸಿದ. ಜೊತೆಗೆ ಹೋಗುವ ಹಾಗಿರಲಿಲ್ಲ, ವಾಪಸು ಟ್ರಿಪ್ಪು ಕಾದಿತ್ತು. ನಿಧಾನಕ್ಕೆ ಹೊಡಿ ಮಾರಾಯ ಎಂದು ಜಟಕಾದವನಿಗೆ ಮೂರು ಸಲ ಹೇಳಿದ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಕುದುರೆಗೂ ಹೇಳುತ್ತಿದ್ದ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಏನೇನೋ ಕೇಳಿ, ಬಸಿರು ವಾಂತಿ ಯಾವಾಗ ನಿಂತಿತ್ತು ಎಂದರು. ಖುರ್ಷಿದಳಿಗೆ ಚೆನ್ನಾಗಿ ನೆನಪಿತ್ತು. ಮದುವೆಗೆ ಹತ್ತು ದಿನ ಇರುವಾಗ ಥಟ್ಟನೆ ನಿಂತಿತ್ತು. ತಂಗಿಯ ಮದುವೆ ಊಟ ಸುಖವಾಗಿ ಉಣ್ಣಬಹುದೆಂದು ಅವಳು ಖುಷಿಪಟ್ಟಿದ್ದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಆಗ್ಲೇ ಅದು ಬೆಳೆಯೋದು ನಿಂತಿತ್ತಮ್ಮ. ಬಸ್ಸಿಂದ ಹೋಗಿದ್ದಲ್ಲ, ನಿನ್ನಿಂದಲೂ ಅಲ್ಲ."

"ಇನ್ನೊಂದು ನಿಲ್ಲುತ್ತಾ?"

"ನಿಲ್ಲಬಾರದು ಅನ್ನೋಕೆ ನನಗೇನೂ ಕಾಣ್ತಿಲ್ಲ. ಮೊದಲು ನಿನ್ನ ಮೈಯಲ್ಲಿ ರಕ್ತ ಆಗ್ಲಿ. ನಾಲ್ಕು ತಿಂಗಳು ಈ ಟಾನಿಕ್ ಕುಡಿ, ಸೊಪ್ಪು, ಮೊಟ್ಟೆ ತಿನ್ನು, ಭಾರ ಎತ್ತಬೇಡ. ಆಮೇಲೆ ಧೈರ್ಯವಾಗಿರು."

ಗರ್ಭ ಇಳಿದ ದಿನವೂ ಅಳದಿದ್ದ ಖುರ್ಷಿದ್, ಆ ಕುರ್ಚಿಯಲ್ಲಿ ಕೂತು ಮನಸಾರೆ ಅತ್ತಳು.

ಸಂಜೆಯ ಬಸ್ಸು ಇನ್ನೂ ಕಿಕ್ಕಿರಿದಿತ್ತು. ಅವಳ ಮಡಿಲಲ್ಲಿದ್ದ ಬಾಟಲಿಯನ್ನು ಲತೀಫ್ ನೋಡಿದ. ಏನಂತೆ ಎಂದು ಕೇಳಲು ಧೈರ್ಯ ಸಾಲದೆ ಕಣ್ಣು ತಿರುಗಿಸಿ ಬಸ್ಸು ಬಿಟ್ಟ. ಮನೆಗೆ ಹೋಗಿಯೇ ಹೇಳೋಣವೆಂದು ಖುರ್ಷಿದ್ ಅಂದುಕೊಂಡಿದ್ದಳು. ಆದರೆ ಹುಣಸೆಮರ ಕಾಣುತ್ತಲೇ ಅವನ ಹೆಗಲು ಕುಗ್ಗಿ, ಕೈ ಗೇರಿಗೆ ಹೋದದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಬೋರ್ಡಿನ ಕೆಳಗೇ ಮುಂದಕ್ಕೆ ಬಾಗಿ, ಮನೆಮಾತಿನಲ್ಲಿ, ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು.

"ಇಲ್ಲಿ ಹೋಗಿದ್ದಲ್ಲವಂತೆ ಅದು. ಇಲ್ಲಿಗೆ ಬರೋಕೆ ಹತ್ತು ದಿನ ಮುಂಚೇನೇ ಹೋಗಿತ್ತಂತೆ. ಡಾಕ್ಟ್ರಮ್ಮ ಹೇಳಿದ್ರು. ಇನ್ನೊಂದು ಆಗುತ್ತಂತೆ."

ಮೋರಿಗೆ ಐವತ್ತು ಗಜ ಇರುವಾಗಲೇ ಬಸ್ಸು ನಿಂತುಬಿಟ್ಟಿತು. ಲತೀಫ್ ನೀರಿನ ಡಬ್ಬ ತೆಗೆದುಕೊಂಡು ಇಳಿದು, ಯಾರ ಕಡೆಗೂ ನೋಡದೆ ಮೋರಿಯ ಕೆಳಗಿನ ಹಳ್ಳಕ್ಕೆ ಹೋದ. ಇವತ್ತಂತೂ ಮನೆ ಸೇರಿದ ಹಾಗೇ ಎಂದರು ಬೆಳಗಿನ ಗುಮಾಸ್ತರು. ಶೇಷಪ್ಪ ಇಳಿದು, ಬಾನೆಟ್ ಎತ್ತಿ, ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ಬಿಚ್ಚಿದ. ನೀರು ಬಾಯಿಮಟ್ಟ ತುಂಬಿತ್ತು. ಹಳ್ಳದ ಕಡೆ ಒಮ್ಮೆ ನೋಡಿ, ಮುಚ್ಚಳ ಹಾಕಿ, ಸದ್ದಾಗದಂತೆ ಬಾನೆಟ್ ಇಳಿಸಿದ.

"ನೀರು ಪೂರ್ತಿ ಆರಿಹೋಗಿದೆ ಸ್ವಾಮಿ," ಎಂದ. "ಸ್ವಲ್ಪ ಹೊತ್ತಾಗುತ್ತೆ."

ಲತೀಫ್ ಬಂದಾಗ ಮುಖ, ಅಂಗಿಯ ಕಾಲರು ಎಲ್ಲ ತೊಯ್ದಿದ್ದವು, ಡಬ್ಬ ಖಾಲಿಯಿತ್ತು. ಸೀಟಿಗೆ ಹತ್ತಿ ಹಿಂದಕ್ಕೆ ತಿರುಗಿದ. ಮೂರು ತಿಂಗಳ ಮೇಲೆ ಹೆಂಡತಿಯ ಮುಖ ನೋಡಿದ. ಶೇಷಪ್ಪ ಸೀಟಿ ಊದಿದ. ಆದರೂ ಆಕ್ಸಿಲರೇಟರ್ ಮೇಲೆ ಲತೀಫನ ಕಾಲು ಇನ್ನೂ ಅನುಮಾನಿಸುತ್ತಲೇ ಇತ್ತು.

"ಬಾಟ್ಲಿ ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ," ಎಂದಳು ಖುರ್ಷಿದ್. "ನೀವು ಜೋರಾಗೇ ಓಡ್ಸಿ."