ಹಗ್ಗದ ಕೊನೆ ಹಿಡಿದ ಅತ್ತೆ

"ಏನವಾ, ನೀವು ಹಗ್ಗ ಜಗ್ಗಿದಿರೋ, ಹಗ್ಗದ ಮ್ಯಾಲೆ ಅರಿವಿ ಒಣಗಹಾಕಿದಿರೋ?"

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀಲಗಂಗವ್ವ ತಮ್ಮ ಟೀಮಿನವರನ್ನು ಬೈಯುತ್ತಿದ್ದರು. ಪ್ರಾಕ್ಟೀಸಿಗೆಂದು ಕರೆದಿದ್ದ ಹೈಸ್ಕೂಲ್ ಹುಡುಗಿಯರ ಎದುರೂ ಸೋತಿದ್ದರಲ್ಲ... ಆ ಸಿಟ್ಟು!

ಹುಬ್ಬಳ್ಳಿಯ ಆ ಕಾಲೋನಿಯಲ್ಲಿ ಪ್ರತಿ ರಾಜ್ಯೋತ್ಸವಕ್ಕೆ ಮೇಲಿನ ಓಣಿ, ಕೆಳಗಿನ ಓಣಿ ಹೆಂಗಸರ ನಡುವೆ ಹಗ್ಗಜಗ್ಗಾಟ. ಸೋತವರು ಗೆದ್ದವರಿಗೆ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಬಜ್ಜಿ ಮಾಡಿ ಬಡಿಸಬೇಕು. ಗೆದ್ದ ಟೀಮಿನಲ್ಲಿ ಹಗ್ಗದ ಕೊನೆ ಹಿಡಿದವರಿಗೆ ಮೊದಲ ಪ್ಲೇಟು... ಅದು ಅಲ್ಲಿನ ಪದ್ಧತಿ.

ಕೆಳಗಿನ ಓಣಿಯವರು ವರ್ಷ ವರ್ಷವೂ ಬಡಿಸಿದ್ದೇ ಬಂತು. ಈ ಸಲವೂ ಸೋತರೆ ಟೀಮೇ ಬೇಡ ಎಂದು ಅರ್ಧ ಜನ ಆಗಲೇ ಹೇಳಿಬಿಟ್ಟಿದ್ದರು.

ಕೊನೆ ಹಿಡಿಯುವುದೂ ನೀಲಗಂಗವ್ವನೇ, "ಹೈ... ಸಾ!" ಎಂದು ಕೂಗು ಕೊಡುವುದೂ ಅವರೇ. ಅವರು "ಸಾ" ಎಂದಾಗ ಎಲ್ಲರೂ ಒಟ್ಟಿಗೆ ಜಗ್ಗಬೇಕು.

"ಹಗ್ಗ ಹಳೇದೈತಿ. ನೆಲ ಜಾರತೈತಿ. ಇನ್ನ ನನ್ನ ಸೊಸಿ ದಾಕ್ಷಾಯಿಣಿ ಅದಾಳಲ್ಲ... ತಿನ್ನೂದು ಎರಡು ರೊಟ್ಟಿ, ಜಗ್ಗೂದು ಅರ್ಧ ರೊಟ್ಟಿ!"

ಎಲ್ಲರೂ ನಕ್ಕರು. ಹಗ್ಗದಲ್ಲಿ ಅತ್ತೆಯ ಮುಂದೆಯೇ ನಿಲ್ಲುವ ದಾಕ್ಷಾಯಿಣಿ ತಲೆ ತಗ್ಗಿಸಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಗೆ ಎದುರು ಮಾತಾಡಿದವಳಲ್ಲ.

ಕಲಿಸಲು ಬರುತ್ತಿದ್ದ ನಿವೃತ್ತ ಪಿ.ಟಿ. ಮೇಷ್ಟ್ರು ಬಳಿಗಾರ ಸರ್ ಮೆಲ್ಲಗೆ ಕೇಳಿದರು...

"ಹಗ್ಗದ ತಪ್ಪು ಹೇಳಿದ್ರಿ, ನೆಲದ್ದು ಹೇಳಿದ್ರಿ, ಸೊಸಿದೂ ಹೇಳಿದ್ರಿ. ನಿಮ್ಮದೊಂದು ಉಳೀತಲ್ಲವಾ?"

"ನಂದೇನ್ರೀ ತಪ್ಪು?"

"ಚೀನಾ ದೇಶದಾಗ ಕನ್‌ಫ್ಯೂಷಿಯಸ್ ಅಂತ ಒಬ್ಬ ಗುರು ಇದ್ದ. ಬಾಣ ಗುರಿ ತಪ್ಪಿದ್ರ ಬಿಲ್ಲುಗಾರ ಮೊದಲ ತನ್ನೊಳಗ ತಪ್ಪು ಹುಡುಕಬೇಕು ಅಂತಿದ್ದ. ನಮಗಿಂತ ಸಣ್ಣವರನ್ನ ಕೇಳಾಕ ನಾಚಬಾರದು ಅಂತನೂ ಹೇಳ್ಯಾನ."

"ಅಂವೇನು ನಮ್ಮ ಮೇಲಿನ ಓಣಿಯವರ ಎದುರು ಹಗ್ಗ ಜಗ್ಗಿದ್ನೇನ್ರೀ ಸರ?"

ಮತ್ತೆ ನಗು... ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ನೀಲಗಂಗವ್ವನ ತಲೆಯಲ್ಲಿ ಮೇಷ್ಟ್ರ ಮಾತೇ ಸುತ್ತುತ್ತಿತ್ತು.

ಮರುದಿನ ಸಂಜೆ ಎಲ್ಲರೂ ಮೈದಾನದಲ್ಲಿ ಸೇರಿದ್ದಾಗ ಅವರು ಹಗ್ಗ ಕೆಳಗಿಟ್ಟರು.

"ದಾಕ್ಷಾಯಿಣಿ, ಬಾ ಇಲ್ಲಿ. ನನ್ನ ಮುಂದ ನಿಲ್ಲಾಕಿ ನೀನು. ನಾ ಏನು ತಪ್ಪು ಮಾಡಾಕತ್ತೀನಿ, ಹೇಳು."

"ನೀವಾ? ಏನಿಲ್ರಿ ಅತ್ತಿ..."

"ಮನ್ಯಾಗ ಹೆದರು, ಬ್ಯಾಡ ಅನ್ನೂದಿಲ್ಲ. ಇಲ್ಲಿ ಹೆದರಬ್ಯಾಡ."

ದಾಕ್ಷಾಯಿಣಿ ಉಗುಳು ನುಂಗಿದಳು...

"ಅತ್ತಿ... ನೀವು 'ಹೈ' ಅನ್ನೂದ್ರಾಗ ಜಗ್ಗಿಬಿಡ್ತೀರಿ. ನಾವು 'ಸಾ'ಕ್ಕ ಜಗ್ಗೂ ಹೊತ್ತಿಗೆ ನೀವು ಉಸಿರು ತಗೋತಿರ್ತೀರಿ. ಅದಕ್ಕ ಹಗ್ಗ ನನ್ನ ಕೈಯಾಗ ಜಾರತೈತ್ರಿ."

ಅಂಗೈ ತೋರಿಸಿದಳು. ಹಗ್ಗ ಉಜ್ಜಿ ಚರ್ಮವೆಲ್ಲ ಕೆಂಪಗೆ ಕಿತ್ತುಹೋಗಿತ್ತು.

ನೀಲಗಂಗವ್ವ ಬಗ್ಗಿ ನೋಡಿದರು. ಈ ಕೈಯಿಂದಲೇ ದಿನಾ ತಮಗೆ ರೊಟ್ಟಿ ತಟ್ಟಿ ಹಾಕುತ್ತಿದ್ದಳಲ್ಲ...

"ಯಾಕವಾ ಹೇಳಲಿಲ್ಲ?"

"ನೀವು ಕೇಳೇ ಇಲ್ಲಲ್ರಿ..."



ನೀಲಗಂಗವ್ವ ಆ ಅಂಗೈಗಳನ್ನು ತಮ್ಮ ಕೈಯಲ್ಲಿ ಹಿಡಿದು ಹೇಳಿದರು, "ಇವತ್ತಿಂದ ಕೂಗು ನಿಂದು. ನೀ 'ಸಾ' ಅಂದಾಗ ನಾ ಜಗ್ಗತೀನಿ. ಅದಕ್ಕಿಂತ ಮೊದಲ ಜಗ್ಗಿದ್ರ... ಎಲ್ಲಾರ ಮುಂದನ ಬೈಯಿ!"

ರಾಜ್ಯೋತ್ಸವ ಬಂತು. ಮೇಲಿನ ಓಣಿಯ ಲೀಡರ್ ಚಂಪಕ್ಕ ದೂರದಿಂದಲೇ ಕೂಗಿದರು, "ನೀಲಗಂಗವ್ವಾ, ಕಡ್ಲಿ ಹಿಟ್ಟು ಕಲಸಿಟ್ಟೀರಿಲ್ಲೋ? ಮಿರ್ಚಿ ಬಿಸಿ ಇರಬೇಕು ಮತ್ತ!"

"ಈ ಸಲ ಒಲಿ ನೀವ ಹಚ್ಚಿಡ್ರಿ ಚಂಪಕ್ಕ!"

ಸೀಟಿ ಮೊಳಗಿತು.

"ಹೈ..." ದಾಕ್ಷಾಯಿಣಿಯ ಸಣ್ಣ ದನಿ. ಯಾರೂ ಅಲುಗಲಿಲ್ಲ. ನೀಲಗಂಗವ್ವ ಹಲ್ಲು ಕಚ್ಚಿ ಕಾದರು...

"ಸಾ!"

ಇಡೀ ಕೆಳಗಿನ ಓಣಿ ಒಂದೇ ಮೈಯಾಗಿ ಹಿಂದಕ್ಕೆ ವಾಲಿತು! ಹೈ... ಸಾ! ಹೈ... ಸಾ! ಕೂಗಿನಿಂದ ಕೂಗಿಗೆ ಆ ಸಣ್ಣ ದನಿ ದೊಡ್ಡದಾಗುತ್ತಾ ಹೋಯಿತು. ಕೊನೆಗೆ ಚಂಪಕ್ಕನ ಟೀಮು ಗೆರೆ ದಾಟಿ ಇವರ ಕಾಲ ಬಳಿಯೇ ಬಂದು ಬಿತ್ತು.

ಕೇಕೆ, ಶಿಳ್ಳೆ, ಚಪ್ಪಾಳೆ... ಕೆಳಗಿನ ಓಣಿ ಗೆದ್ದಿತ್ತು!

ಚಂಪಕ್ಕ ತಾವೇ ಗಿರಮಿಟ್ಟು, ಮಿರ್ಚಿಯ ಮೊದಲ ಪ್ಲೇಟು ತಂದು ನೀಲಗಂಗವ್ವನ ಕೈಗಿಟ್ಟರು. ಅವರು ಅದನ್ನು ಹಾಗೇ ಸೊಸೆಯ ಕೈಗೆ ದಾಟಿಸಿದರು.

"ಅತ್ತಿ, ಇದು ಕೊನಿ ಹಿಡದಾಕಿ ಪ್ಲೇಟ್ರಿ..."

"ಕೊನಿ ಹಿಡದಾಕಿಗೆ ಜಗ್ಗೂದು ಕಲಿಸಿದಾಕಿ ನೀನು. ತಿನ್ನು."

ದಾಕ್ಷಾಯಿಣಿಯ ಕಣ್ಣಿಂದ ನೀರು ಇಳಿಯಿತು.

"ಯಾಕವಾ ಅಳತಿ?"

"ಮಿರ್ಚಿ... ಭಾಳ ಖಾರ ಅದಾವ್ರಿ ಅತ್ತಿ."

ಪ್ಲೇಟಿನಲ್ಲಿದ್ದ ಮಿರ್ಚಿಯನ್ನು ಅವಳಿನ್ನೂ ಮುಟ್ಟಿರಲೇ ಇಲ್ಲ.

ನೀಲಗಂಗವ್ವ ಸೆರಗಿನಿಂದ ಅವಳ ಕಣ್ಣು ಒರೆಸಿದರು. ಒಂದು ಮಿರ್ಚಿ ಮುರಿದು, ಉಫ್ ಎಂದು ಊದಿ, ಸೊಸೆಯ ಬಾಯಿಗಿಟ್ಟರು.

*

ತಪ್ಪನ್ನು ಸುತ್ತಲೂ ಹುಡುಕಿದರೆ ಬೈಯಲು ಜನ ಸಿಗುತ್ತಾರೆ... ತನ್ನೊಳಗೆ ಹುಡುಕಿದರೆ ಗೆಲ್ಲಲು ದಾರಿ ಸಿಗುತ್ತದೆ.

ನಿಮ್ಮ ಜೊತೆ ಅದೇ ಹಗ್ಗ ಹಿಡಿದು ನಿಂತವರ ಅಂಗೈಯನ್ನು ನೀವು ಯಾವತ್ತಾದರೂ ನೋಡಿದ್ದೀರಾ?