ಸತ್ತವನ ಹೇಳಿಕೆ

ಪಾಲಿಕೆಯಿಂದ ಪರಿಹಾರ ಬೇಕೆಂದರೆ ಸತ್ತವರೇ ಬಂದು ಸಾಕ್ಷಿ ಹೇಳಬೇಕು. ಎಬ್ಬಿಸಿದ ಹೆಣ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಮತ್ತೆ ತಣ್ಣಗಾಗುತ್ತದೆ.

ನೀಲವ್ವನ ಗಂಡ ಫಕೀರಪ್ಪ ಮುಚ್ಚಳವಿಲ್ಲದ ಚರಂಡಿಗೆ ಬಿದ್ದು ಸತ್ತಿದ್ದ. "ಹೆಂಗ ಸತ್ರಿ ಅಂತ ಅಷ್ಟ ಕೇಳವಾ, ಬ್ಯಾರೆ ಏನೂ ಮಾತಾಡಬ್ಯಾಡ" ಎಂದು ಗುಮಾಸ್ತ ಅವಳನ್ನು ಎಚ್ಚರಿಸಿದ್ದ. ಅವಳು ಅದನ್ನೇ ಬಾಯಿಪಾಠ ಮಾಡುತ್ತ ಸರದಿಯಲ್ಲಿ ನಿಂತಿದ್ದಳು.

ಶವಾಗಾರದ ಬಾಗಿಲು ತೆರೆಯಿತು. ದಿನಾ ಕೆಲಸದಿಂದ ಬರುತ್ತಿದ್ದ ಹಾಗೆಯೇ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಫಕೀರಪ್ಪ ನಡೆದು ಬಂದ. ಮುಖ ಬಾಡಿಹೋಗಿತ್ತು.

"ಊಟಾ ಆತೇನ್ರಿ?" ಎಂದುಬಿಟ್ಟಳು ನೀಲವ್ವ.

"ಇನ್ನಾ ಇಲ್ಲ" ಎಂದವನೇ ಅವನು ಅಲ್ಲೇ ಕುಸಿದ.

ಗುಮಾಸ್ತ ಬರೆದುಕೊಂಡ: "ಸಾವಿಗೆ ಕಾರಣ ಹಸಿವು. ಪಾಲಿಕೆ ಹೊಣೆಯಲ್ಲ."

ಆಮೇಲೆ ಮುಂದಿನವರನ್ನು ಕರೆದ.