ಮಹಡಿ ಮನೆಯ ನಲ್ಲಿ

ಚೀಟಿ ಬರದೆ ಹನ್ನೊಂದು ದಿನವಾಗಿತ್ತು.

ಮನೆಯ ಓನರ್, ನಿವೃತ್ತ ಪೈಪ್ ಫಿಟ್ಟರ್, ಎದ್ದವನೇ ಬಾಗಿಲ ಬಳಿ ಹೋಗಿ ನೆಲ ನೋಡಿದ. ಏನೂ ಇರಲಿಲ್ಲ. ಮಹಡಿಯ ಕಡೆ ಕಿವಿಗೊಟ್ಟ. ಏನನ್ನೋ ಎಳೆದಾಡುವ ಸದ್ದು. ರಟ್ಟಿನ ಪೆಟ್ಟಿಗೆಗಳಿರಬೇಕು.

ಮೇಲಿನ ಮನೆಯ ಟೀಚರ್ ಬಾಡಿಗೆಗೆ ಬಂದ ಎರಡು ವರ್ಷದಲ್ಲಿ ದೂರು ಇಲ್ಲದ ವಾರವೇ ಇರಲಿಲ್ಲ. ಬಾಯಲ್ಲಿ ಹೇಳುವವಳಲ್ಲ, ದುಂಡಗಿನ ಅಕ್ಷರದಲ್ಲಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದಳು. 'ಓನರ್ ಅವರಿಗೆ, ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ದಯವಿಟ್ಟು ಗಮನಿಸುವುದು.' ಫಿಟ್ಟರ್ ಗೊಣಗುತ್ತ, ನೋಯುವ ಮಂಡಿಯನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಡುತ್ತ ಹೋಗುತ್ತಿದ್ದ. ಆತ ಸಿಂಕಿನ ಮುಂದೆ ಬಗ್ಗಿದರೆ ಆಕೆ ಟಾರ್ಚ್ ಹಿಡಿದು ನಿಲ್ಲುತ್ತಿದ್ದಳು. ಅಲ್ಲಿ ಹಿಡೀರಿ, ಇಲ್ಲಿ ಹಿಡೀರಿ ಎನ್ನಬೇಕಾಗಿರಲಿಲ್ಲ. ಬೆಳಕು ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಕೆಲಸ ಮುಗಿದ ಮೇಲೆ ಒಂದು ಲೋಟ ಚಹಾ.

"ಈ ಸಲವಾದರೂ ನಿಲ್ಲುತ್ತಾ?"

"ನೋಡೋಣ ಮೇಡಂ. ಹಳೇ ನಲ್ಲಿ."

ಆ ಒಂದು ಲೋಟ ಚಹಾ ಮುಗಿಯಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆಕೆ ಉಳಿದ ಕೊರತೆಗಳನ್ನೂ ಹೇಳಬೇಕಿತ್ತಲ್ಲ.

ಬಾಡಿಗೆಗೆ ಕೇಳಿಕೊಂಡು ಬಂದವರನ್ನು ಫಿಟ್ಟರ್ ಅಳೆದು ತೂಗುವವನು. ಎಷ್ಟು ಜನ, ಎಲ್ಲಿ ಕೆಲಸ, ಹಿಂದಿನ ಮನೆ ಯಾಕೆ ಬಿಟ್ಟಿರಿ. ಟೀಚರಿಗಿಂತ ಮೊದಲಿದ್ದ ಗೃಹಸ್ಥ ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟಿದ್ದ. ಎರಡು ವರ್ಷ ಇದ್ದ, ಸದ್ದಿಲ್ಲ, ದೂರಿಲ್ಲ. ಕೊನೆಗೆ ಬೀಗದ ಕೈಯನ್ನು ಟಪಾಲು ಪೆಟ್ಟಿಗೆಯಲ್ಲಿ ಹಾಕಿ ಹೊರಟುಹೋದ. ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಯಾರೋ ಮಾತಾಡಿಸಿದರೆ, ಅವನೇ ಎಂದು ತಿಳಿಯಲು ಫಿಟ್ಟರಿಗೆ ಹೊತ್ತು ಹಿಡಿಯಿತು. ಅಂಥ ಬಾಡಿಗೆದಾರ ಸಿಗಲು ಪುಣ್ಯ ಮಾಡಿರಬೇಕು ಎಂದು ತಂಗಿ ಈಗಲೂ ಹೇಳುತ್ತಾಳೆ.

ತಂಗಿ ಪಕ್ಕದ ಬೀದಿಯವಳು. ಮದುವೆಯಾಗದೆ ಉಳಿದ ಅಣ್ಣನ ಮಂಡಿಯ ಬಗ್ಗೆ ಅಣ್ಣನಿಗಿಂತ ಅವಳಿಗೇ ಚಿಂತೆ ಹೆಚ್ಚು. ಹನ್ನೆರಡು ದಿನದ ಹಿಂದೆ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದ್ದಳು.

"ನೀನು ಕೈಯಿಟ್ಟ ಜಾಯಿಂಟು ಹತ್ತು ವರ್ಷ ತೊಟ್ಟಿಕ್ಕಲ್ಲ ಅಂತ ರಿಟೈರಾದ ದಿನ ನಿಮ್ಮ ಆಫೀಸರೇ ಹೇಳಿದ್ರು. ಈಕೆಯ ಒಂದು ನಲ್ಲಿ ನಿನ್ನನ್ನ ಹಣ್ಣು ಮಾಡ್ತಿದೆಯಲ್ಲ ಅಣ್ಣ?"

"ಏನು ಮಾಡೋದು. ತಲೆನೋವು."

"ಹಾಗಾದ್ರೆ ಖಾಲಿ ಮಾಡಿಸಿಬಿಡು. ಒಳ್ಳೆಯವರನ್ನ ನಾನೇ ಹುಡುಕ್ತೀನಿ."

"ಹೂಂ," ಎಂದಿದ್ದ ಆತ. ಮೇಲೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡ ಸದ್ದು ಕೇಳಿದ್ದು ಆಮೇಲೆ.

ಮರುದಿನದಿಂದ ಚೀಟಿ ನಿಂತಿತು. ಈ ಹನ್ನೊಂದು ದಿನದಲ್ಲಿ ಫಿಟ್ಟರ್ ಬಾಯಿಬಿಟ್ಟು ಮಾತಾಡಿದ್ದು ಅಂಗಡಿಯವನ ಹತ್ತಿರ ಮಾತ್ರ. ಅದೂ 'ಸಾಕು' ಎಂಬ ಒಂದೇ ಮಾತು. ಎರಡು ಸಲ ಮೆಟ್ಟಿಲು ಹತ್ತಿದ. ಕರೆಯದೆ ಹೋಗಿ ಏನೆನ್ನುವುದು ಎಂದು ತೋಚದೆ, ಎರಡು ಸಲವೂ ಅರ್ಧದಿಂದ ಇಳಿದು ಬಂದ.

ಅಂದು ಭಾನುವಾರ. ಹತ್ತು ಗಂಟೆಗೆ ತಂಗಿ ಮಾತು ಉಳಿಸಿಕೊಂಡಳು. ಜೊತೆಯಲ್ಲಿ ನಲವತ್ತರ ಆಸುಪಾಸಿನ ಒಬ್ಬ ಆಸಾಮಿ.

"ನಿನ್ನ ಹಳೇ ಆಫೀಸಿಗೆ ವರ್ಗವಾಗಿ ಬಂದಿರೋ ಫಿಟ್ಟರ್. ಏನು ಕೆಟ್ಟರೂ ತಾನೇ ಸರಿಮಾಡ್ಕೋತಾರೆ. ನೀನು ಮಹಡಿ ಹತ್ತೋದೇ ಬೇಡ."

ಅಣ್ಣ ತನ್ನ ವಾಡಿಕೆಯ ಪ್ರಶ್ನೆ ಶುರುಮಾಡಿದ. "ಮನೆಗೆ ಬಂದು ಹೋಗೋರು ಯಾರಾದರೂ?"

"ಯಾರೂ ಇಲ್ಲ ಸಾರ್. ನಾನು ಇದೀನೋ ಇಲ್ವೋ ಅನ್ನೋದೇ ನಿಮಗೆ ಗೊತ್ತಾಗಲ್ಲ."

ಮುಂದಿನ ಪ್ರಶ್ನೆ ಏನೆಂದು ಫಿಟ್ಟರಿಗೆ ಮರೆತುಹೋಯಿತು. ಮನೆ ನೋಡಿಬಿಡೋಣ ಎಂದು ತಂಗಿಯೇ ಇಬ್ಬರನ್ನೂ ಮೇಲಕ್ಕೆ ಹೊರಡಿಸಿದಳು.

ಟೀಚರ್ ಬಾಗಿಲು ತೆರೆದಳು. ಹಿಂದೆ ಕಟ್ಟಿಟ್ಟ ಪೆಟ್ಟಿಗೆಗಳ ಸಾಲು. ಬಂದವನು ಆಕೆಯನ್ನು ಕಂಡದ್ದೇ ನೆಟ್ಟಗೆ ನಿಂತ.

"ಮೇಡಂ, ನೀವು ಇಲ್ಲಿ?" ಫಿಟ್ಟರನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ: "ನಮ್ಮೂರ ತರಬೇತಿ ಶಾಲೆಯಲ್ಲಿ ನನಗೆ ಈ ವಿದ್ಯೆ ಕಲಿಸಿದ್ದೇ ಇವರು ಸಾರ್. ಪೈಪು, ಪಂಪು, ನಲ್ಲಿ, ಎಲ್ಲ. ತೊಟ್ಟಿಕ್ಕೋ ಸದ್ದು ಕೇಳಿದರೆ ಸಾಕು, ಎಲ್ಲಿ ಕೆಟ್ಟಿದೆ ಅಂತ ಹೇಳ್ತಿದ್ರು."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಟೀಚರ್ ಅಂದ್ರೆ ಇದನ್ನ ಕಲಿಸೋರಾ?" ಎಂದಳು ತಂಗಿ. "ಎಲ್ಲ ಗೊತ್ತಿದ್ದೂ ಎರಡು ವರ್ಷ ನಮ್ಮಣ್ಣನ ಮಂಡಿ ತೇಯಿಸಿದ್ರಲ್ಲ, ನಿಮಗೇನು ಸಿಕ್ತು?"

ಟೀಚರ್ ಮುಖ ಕೆಂಪಗಾಯಿತು. "ತಪ್ಪಾಯ್ತು. ನಾಳೆ ಸಂಜೆಯೊಳಗೆ ಖಾಲಿ ಮಾಡ್ತೀನಿ."

ಬಂದವನಿಗೆ ತಾನೇನೋ ಎಡವಟ್ಟು ಮಾಡಿದೆ ಎಂದು ಹೊಳೆಯಿತು. "ಮೇಡಂ ಇರೋ ಮನೆ ನನಗೆ ಬೇಡಮ್ಮ," ಎನ್ನುತ್ತ ಇಳಿದೇಬಿಟ್ಟ. ತಂಗಿ ಅವನನ್ನು ತಡೆಯಲು ಹಿಂದೆಯೇ ಓಡಿದಳು.

ಉಳಿದವರು ಇಬ್ಬರು. ಫಿಟ್ಟರ್ ಬಾಗಿಲಿಗೆ ಅಡ್ಡವಾಗಿದ್ದ ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟ. ಅದರ ದಾರ ಬಿಚ್ಚತೊಡಗಿದ. ಆಕೆ ಬೇಡವೆನ್ನಲಿಲ್ಲ.

"ನೀವೇ ಸರಿಮಾಡ್ಕೋಬಹುದಿತ್ತಲ್ಲ ಮೇಡಂ," ಎಂದ, ದಾರದಿಂದ ಕಣ್ಣು ತೆಗೆಯದೆ.

"ಮಾಡಬಹುದಿತ್ತು. ಎರಡು ನಿಮಿಷದ ಕೆಲಸ."

"ಮತ್ತೆ?"

"ಮೊದಲನೇ ಸಲ ನೀವು ಇಳಿದು ಹೋದ ಮೇಲೆ ಬಿಚ್ಚಿ ನೋಡಿದ್ದೆ ಓನರ್," ಎಂದಳು ಟೀಚರ್. "ಹೊಸದು ಹಾಕದೆ, ಸವೆದ ವಾಷರನ್ನೇ ಮಗುಚಿ ಹಾಕಿದ್ರಿ. ನಿಮಗೆ ಮತ್ತೆ ಬರೋ ಮನಸ್ಸಿದೆ ಅಂತ ಅವತ್ತೇ ಗೊತ್ತಾಯ್ತು."